ಬಿಳಿ ಟ್ರೇ, ಕರಿ ಟ್ರೇ

ನೋಡಿ ಗುರುಗಳೇ, ಮೊದಲೇ ಹೇಳ್ಬಿಡ್ತೀನಿ. ಈ ಕಥೆ ಹೀರೋ ಥರದ ಗಂಡು ನಿಮ್ಮ ಬೀದೀಲಿಲ್ಲ, ಪಕ್ಕದ ಬೀದೀಲೂ ಇಲ್ಲ. ತಪ್ಪು ಮಾಡಿದ್ರೆ ಎದೆ ಸೆಟೆಸಿ ನಿಂತು "ಹೌದು, ನಾನೇ" ಅನ್ನೋ ಪಾರ್ಟಿ ಅವನು. ಕೊನೇಲಿ ಅಂಥದ್ದೇ ಒಂದು ಸೀನ್ ಇದೆ. ಕರ್ಚೀಫ್ ಇಟ್ಕೊಂಡು ಕೂತ್ಕೊಳ್ಳಿ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ.

ಮನೇಲಿ ಎಲ್ರೂ ಅವನನ್ನ ಕರೆಯೋದು ಟ್ರೈಲರ್ ಅಂತ. ಬಿರುದು ಕೊಟ್ಟಿದ್ದು ಭಾವ. ಯಾವ ಕೆಲಸಾನೂ ಢಮಾರ್ ಅಂತ ಶುರು ಮಾಡ್ತಾನೆ, ಪೂರ್ತಿ ಪಿಕ್ಚರ್ ಮಾತ್ರ ಯಾವತ್ತೂ ರಿಲೀಸ್ ಆಗಲ್ಲ, ಅದಕ್ಕೆ. ಇಪ್ಪತ್ತೊಂದು ವರ್ಷ ವಯಸ್ಸು, ಊಟ ನಿದ್ದೆ ಎರಡೂ ಅಕ್ಕನ ಮನೇಲೇ, ಬಾಯಿ ಬಿಟ್ರೆ ಡೈಲಾಗು. ಅದೂ ಅಕ್ಕನಿಂದಾನೇ ಬಂದಿದ್ದು. ಅಕ್ಕ ಡಬ್ಬಿಂಗ್ ಮಾಡೋಳು. ತೆರೆ ಮೇಲೆ ಹೀರೋಯಿನ್ ಗಳಗಳ ಅಂತ ಅಳ್ತಾಳಲ್ಲ, ಕಣ್ಣೀರು ಅವಳದ್ದು, ದನಿ ಅಕ್ಕಂದು. ನಲವತ್ತು ಸಿನಿಮಾ ಮಾಡಿದ್ರೂ ಮುಖ ಒಬ್ಬರಿಗೂ ಗೊತ್ತಿಲ್ಲ. ತರಕಾರಿ ಅಂಗಡೀಲಿ "ಅರ್ಧ ಕೆಜಿ ಬೀನ್ಸ್ ಕೊಡಿ" ಅಂದಾಗ ಮಾತ್ರ ಪಕ್ಕದಲ್ಲಿದ್ದೋರು ತಿರುಗಿ ನೋಡೋರು, ಇದನ್ನ ಎಲ್ಲೋ ಕೇಳಿದೀವಲ್ಲ ಅಂತ.

ಆ ಗಂಟಲಲ್ಲೇ ಒಂದು ಗಂಟು ಎದ್ದಿತು. ಡಾಕ್ಟ್ರು ಸುತ್ತಿ ಬಳಸಿ ಹೇಳ್ಲಿಲ್ಲ. "ಆಪರೇಷನ್ ಆದ್ರೆ ಜೀವಕ್ಕೆ ಭಯ ಇಲ್ಲಮ್ಮ. ದನಿ ಮಾತ್ರ ಹೀಗೇ ಇರಲ್ಲ. ಪಿಸುಮಾತಿನಷ್ಟು ಉಳೀಬಹುದು."

ಅಕ್ಕ ಅವತ್ತು ಅಳ್ಲಿಲ್ಲ. ಬಟ್ಟೆ ಬೀರು ಇರೋ ಚಿಕ್ಕ ರೂಮಿನ ಗೋಡೆಗೆಲ್ಲ ಕಂಬಳಿ ನೇತು ಹಾಕಿ, ಮೈಕ್ ಇಟ್ಟು, ಬಾಗಿಲು ಹಾಕ್ಕೊಂಡ್ಲು. ನಾಲ್ಕು ವರ್ಷದ ಮಗಳು ಗುಬ್ಬಿಗೆ ಮುಂದೆ ಬೇಕಾಗೋ ಮಾತೆಲ್ಲ ಈಗ್ಲೇ ಹೇಳಿಡ್ತೀನಿ ಅಂದ್ಲು. ಮಲಗೋವಾಗ ಕೇಳೋ ಕಥೆ, ಹಲ್ಲುಜ್ಜದೇ ಇದ್ರೆ ಬೈಗುಳ, ಸೈಕಲ್ಲಿಂದ ಬಿದ್ದ ದಿನ ಕೇಳೋ ಮಾತು, ಪರೀಕ್ಷೇಲಿ ಫೇಲಾದ ದಿನದ್ದು, ಯಾರ ಮೇಲೋ ಮನಸ್ಸಾದ ದಿನದ್ದು. ಎಲ್ಲ ಸೇರಿ ಮೂವತ್ತು.

ತೊಂದರೆ ಒಂದೇ. ಮನೇಲಿದ್ದಿದ್ದು ಒಂದೇ ಕಂಪ್ಯೂಟರು, ಅದರ ಹೊಟ್ಟೆ ತುಂಬ ಟ್ರೈಲರ್ ತುಂಬಿದ ಸಿನಿಮಾ.

ಭಾವಂದು ಕನ್ನಡಕದ ಅಂಗಡಿ. ಕೂದಲಿನಷ್ಟು ಸಣ್ಣ ಸ್ಕ್ರೂ ಹಿಡಿಯೋ ಕೈ, ಅವಸರ ಅನ್ನೋದೇ ಗೊತ್ತಿಲ್ಲದ ಮನುಷ್ಯ. ಎಲ್ಲೋ ವಿಚಾರಿಸಿ ಒಂದು ರ‍್ಯಾಕ್ ತಂದ. ಕಂಪ್ಯೂಟರಿನ ಮುಂಭಾಗದಲ್ಲಿ ಸಿ.ಡಿ. ಹಾಕೋ ಜಾಗದ ಕೆಳಗೆ ಖಾಲಿ ಗೂಡು ಇರುತ್ತಲ್ಲ, ಅಲ್ಲಿ ಕೂರೋ ಚೌಕಟ್ಟು. ಅದರೊಳಗೆ ಡ್ರಾಯರ್ ಥರ ಜಾರೋ ಟ್ರೇ, ಟ್ರೇ ಒಳಗೆ ಹಾರ್ಡ್ ಡಿಸ್ಕು. ಒಂದು ಎಳೆದು ಇನ್ನೊಂದು ತಳ್ಳಿದ್ರೆ ಆಯ್ತು. ಬಿಳಿ ಟ್ರೇ ಅಕ್ಕಂಗೆ, ಕರಿ ಟ್ರೇ ಟ್ರೈಲರ್‌ಗೆ.

"ಪಕ್ಕಕ್ಕೆ ಸರೀರಿ ಎಲ್ರೂ," ಅಂತ ಟ್ರೈಲರ್ ತೋಳು ಮಡಚಿದ. "ಈ ಕೈ ಮುಟ್ಟಿದ ಮಷೀನು ಇವತ್ತಿನವರೆಗೂ ಎದುರು ಮಾತಾಡಿಲ್ಲ."

"ಹೌದಪ್ಪ, ಮಾತಾಡಿಲ್ಲ. ಮಿಕ್ಸಿ ಇನ್ನೂ ಬಾಯೇ ಬಿಟ್ಟಿಲ್ಲ," ಅಂದ್ಲು ಅಕ್ಕ.

ಪಕ್ಕದ ತಗಡು ಬಿಚ್ಚಿ, ಮುಂದಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಚೌಕಟ್ಟು ಒಳಗೆ ತಳ್ಳಿ, ಎರಡೂ ಕಡೆ ಸ್ಕ್ರೂ ಬಿಗಿದು, ಹಿಂದೆ ಕರೆಂಟಿನ ವೈರು, ಡೇಟಾ ಕೇಬಲ್ಲು ಚುಚ್ಚಿದ. ಡಿಸ್ಕುಗಳನ್ನ ಟ್ರೇಗೆ ಬಿಗಿದಿದ್ದು ಭಾವ. ಬಿಳಿ ಟ್ರೇಗೆ ನಾಲ್ಕು ಹಳದಿ ಸ್ಕ್ರೂ, ಕರಿ ಟ್ರೇಗೆ ನಾಲ್ಕು ಕರಿ ಸ್ಕ್ರೂ. "ಬಣ್ಣ ಬೆರೆಸಬಾರದು ಕಣೋ, ಕಣ್ಣಿಗೆ ಚುಚ್ಚುತ್ತೆ," ಅಂದ.

ಟ್ರೈಲರ್ ಸ್ವಿಚ್ ಒತ್ತಿದ. ಡಿಸ್ಕೇ ಕಾಣ್ಲಿಲ್ಲ. ಮತ್ತೆ ಒತ್ತಿದ, ಕಾಣ್ಲಿಲ್ಲ. ಕೇಬಲ್ ಕಿತ್ತು ಮತ್ತೆ ಚುಚ್ಚಿದ. ಗುಬ್ಬಿ ಬಂದು ರ‍್ಯಾಕಿನ ಮೂಲೇಲಿದ್ದ ಪುಟ್ಟ ಬೀಗದ ಕೈ ಹಿಡಿದು ತಿರುಗಿಸಿದ್ಲು, ಹಸಿರು ದೀಪ ಹತ್ತಿತು. ಬೀಗ ತಿರುಗಿಸದೇ ಡಿಸ್ಕಿಗೆ ಕರೆಂಟೇ ಹೋಗಲ್ಲ ಅನ್ನೋದು ಹೀರೋಗೆ ಅವಾಗ ಗೊತ್ತಾಯ್ತು.

"ಗೇಟಿಗೆ ಬೀಗ ಹಾಕಿ ಶೋ ನಡೆಸ್ತಿದ್ಯಲ್ಲೋ!" ಅಂತ ಅಕ್ಕ ನಕ್ಕಿದ್ದು ಮೂರು ರೂಮಿಗೂ ಕೇಳಿಸ್ತು. ಆ ನಗು ಯಾರೂ ರೆಕಾರ್ಡ್ ಮಾಡ್ಲಿಲ್ಲ.

ಹದಿನೆಂಟು ದಿನ ಅಕ್ಕ ಕಂಬಳಿ ರೂಮಲ್ಲಿ ಕೂತ್ಲು. ರ‍್ಯಾಕಿನ ಹಿಂದಿರೋ ಪುಟ್ಟ ಫ್ಯಾನು ಗೊರ್ ಅಂತ ದನಿ ಒಳಗೆ ನುಗ್ತಿದೆ ಅಂತ ಬೈದ್ಲು, ಟ್ರೈಲರ್ ಫ್ಯಾನಿನ ವೈರು ಬಿಡಿಸಿಟ್ಟ. ಇಪ್ಪತ್ತೊಂಬತ್ತು ಮುಗೀತು. ಇನ್ನೊಂದು ಉಳಿದಿತ್ತು, ಗುರುವಾರ ಸಂಜೆ ಮಾಡ್ತೀನಿ, ಶುಕ್ರವಾರ ಆಸ್ಪತ್ರೆ ಅಂದ್ಲು.

ಗುರುವಾರ ಮಧ್ಯಾಹ್ನ ಟ್ರೈಲರ್ ತಲೆಗೆ ಹುಳ ಬಿಟ್ಕೊಂಡ. ಅಕ್ಕ ಕೂತು ಬಿಳಿ ಟ್ರೇ ಹಾಕಿದ ಕೂಡ್ಲೇ ಅವಳ ಕಡತಗಳ ಬದ್ಲು ವಿಲನ್ ಗಹಗಹಿಸಿ ನಗಬೇಕು. ನಗು ಆದ್ಮೇಲೆ ಟ್ರೈಲರ್ ದನಿ: "ಅಕ್ಕಾ, ನಾಳೆಯಿಂದ ನೀನು ನನಗೆ ಬೈಯೋ ಹಾಗಿಲ್ಲ. ಬಾಕಿ ಇರೋದೆಲ್ಲ ಇವತ್ತೇ ಬೈದ್ಬಿಡು." ಅವಳು ನಗ್ತಾಳೆ, ಬೈತಾಳೆ, ಆ ಬೈಗುಳಾನ ಕದ್ದು ರೆಕಾರ್ಡ್ ಮಾಡ್ಕೋಬೇಕು ಅನ್ನೋ ಆಸೆ ಅವನಿಗೆ. ಗುಬ್ಬಿಗೆ ಮೂವತ್ತು ಇದ್ವಲ್ಲ, ಇವನಿಗೂ ಒಂದು ಬೇಕಿತ್ತು.

ತನ್ನ ಡಿಸ್ಕು ಶುರುವಾದ ಕೂಡ್ಲೇ ಆ ನಗು ತಾನಾಗೇ ಓಡೋ ಹಾಗೆ ಮಾಡಿ, ಎರಡು ಟ್ರೇನೂ ಬಿಚ್ಚಿ ಡಿಸ್ಕು ಅದಲು ಬದಲು ಮಾಡ್ದ. ಅಕ್ಕಂಗೆ ಅನುಮಾನ ಬರಬಾರದು ಅಂತ ಪರದೆ ಮೇಲೆ ಕಾಣೋ ಡಿಸ್ಕಿನ ಹೆಸರೂ ಬದಲಾಯಿಸ್ದ. ತನ್ನದಕ್ಕೆ "ಅಕ್ಕ", ಅವಳದ್ದಕ್ಕೆ "ಟ್ರೈಲರ್". ಜೀವಮಾನದಲ್ಲಿ ಪೂರ್ತಿಯಾಗಿ ಮುಗಿಸಿದ ಒಂದೇ ಕೆಲಸ ಅದು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಹಾಸಿಗೆ ಖಾಲಿಯಾಗಿದೆ, ಈಗ್ಲೇ ಬನ್ನಿ. ಬ್ಯಾಗು, ಫ್ಲಾಸ್ಕು, ರಿಪೋರ್ಟು, ಗುಬ್ಬಿಯ ಅಳು. ಯಾರೂ ಕಂಪ್ಯೂಟರ್ ಮುಟ್ಲಿಲ್ಲ.

ಆಪರೇಷನ್ ಆಗಿ ಮೂರನೇ ದಿನ ಬೆಳಿಗ್ಗೆ ಟ್ರೈಲರ್ ಅಕ್ಕನ ಹಾಸಿಗೆ ಪಕ್ಕ ಕೂತಿದ್ದ. ಅಕ್ಕನ ಕತ್ತಿಗೆ ಬ್ಯಾಂಡೇಜು, ತೊಡೆ ಮೇಲೆ ಸ್ಲೇಟು. ಭಾವ ಮನೆಯಿಂದ ಫೋನ್ ಮಾಡ್ದ.

"ಲೇ, ಅವಳ ದನಿದು ಒಂದೇ ಕಾಪಿ ಇರೋದು. ನನಗೆ ಎದೆ ಡವಗುಟ್ತಿದೆ. ಇನ್ನೊಂದು ಮಾಡಿಡೋಣ ಅಂದ್ರೆ ಜಾಗ ಎಲ್ಲೋ?"

"ಭಾವಾ, ಕರಿ ಟ್ರೇ ಇದೆಯಲ್ಲ? ಅಳಿಸಿ ಬಿಸಾಕು!" ಟ್ರೈಲರ್ ಎದ್ದು ನಿಂತ, ಪಕ್ಕದ ಹಾಸಿಗೆಯೋರಿಗೂ ಕೇಳಿಸೋ ಹಾಗೆ. "ಸಾವಿರ ಸಿನಿಮಾ ಹೋದ್ರೆ ಹೋಗ್ಲಿ. ನನ್ನ ಅಕ್ಕನ ದನಿ ಮುಂದೆ ಅವೆಲ್ಲ ಕಸ!"

"ಯೋಚನೆ ಮಾಡ್ಕೊಂಡು ಹೇಳು. ಆಮೇಲೆ ಗೊಳೋ ಅನ್ಬೇಡ."

"ಕೊಟ್ಟ ಮಾತು ವಾಪಸ್ ತಗೊಳ್ಳೋ ಅಭ್ಯಾಸ ಇಲ್ಲ ಭಾವಾ!"

ಅಕ್ಕ ಅವನ ಕೈ ಹಿಡಿದು ಒತ್ತಿದ್ಲು. ಸ್ಲೇಟಲ್ಲಿ ಬರೆದ್ಲು: ಹೀರೋ.

ಅವನು ಆ ಒಂದು ಪದ ನೋಡ್ತಾ ನೋಡ್ತಾ ಬೇರೆಲ್ಲ ಮರೆತ. ಮೂರು ಗಂಟೆಗೆ ಟೀಗೆ ಅಂತ ಕೆಳಗಿಳಿದ. ಜನ ಕಾಯ್ತಾ ಕೂರೋ ಹಾಲ್‌ನಲ್ಲಿ ಟಿ.ವಿ. ಓಡ್ತಿತ್ತು, ಯಾರೋ ವಿಲನ್ನು ಗಹಗಹಿಸಿ ನಕ್ಕ. ಟ್ರೈಲರ್ ಕೈಲಿದ್ದ ಲೋಟ ಅಲ್ಲೇ ಬಿತ್ತು.

ಫೋನ್ ಮಾಡ್ದ. "ಭಾವಾ... ಅದು..."

"ಈಗ ತಾನೇ ಮುಗೀತು ಕಣೋ. ಬೇಗ ಮುಗಿಸೋಕೆ 'ಕ್ವಿಕ್' ಅಂತ ಒಂದು ಟಿಕ್ ಇತ್ತು. ಅವಳ ದನಿ ಇಡೋ ಜಾಗ ಅಲ್ವಾ, ಅವಸರ ಯಾಕೆ ಅಂತ ತೆಗೆದು ಪೂರ್ತಿ ಒರೆಸ್ದೆ. ಥಳಥಳ ಅಂತಿದೆ. ಈಗ ಬಿಳಿದು ಹಾಕ್ತೀನಿ, ಇರು."

ಫೋನಲ್ಲೇ ಕೇಳಿಸ್ತು. ಬೀಗ ತಿರುಗಿದ್ದು, ಮಷೀನ್ ಶುರುವಾಗಿದ್ದು, ಆಮೇಲೆ ವಿಲನ್ ನಗು. ನಗು ಮುಗಿದ್ಮೇಲೆ ಟ್ರೈಲರ್ ದನಿ, "ಬಾಕಿ ಇರೋದೆಲ್ಲ ಇವತ್ತೇ ಬೈದ್ಬಿಡು."

ಭಾವ ಬೈಲಿಲ್ಲ. "ಲೇ... ನಾನು ಯಾವುದನ್ನ ಒರೆಸಿದೆ?" ಅಂದ.

ಮಾರನೇ ದಿನ ಇಬ್ರೂ ಕರಿ ಟ್ರೇ ಹೊತ್ಕೊಂಡು ರಿಪೇರಿ ಅಂಗಡಿಗೆ ಹೋದ್ರು. ಬಿಚ್ಚಿದ್ದು ಭಾವಾನೇ, ತನ್ನ ಅಂಗಡಿ ಸ್ಕ್ರೂಡ್ರೈವರಲ್ಲಿ. ಟ್ರೇ ಮಗುಚಿದ. ಎರಡು ಕರಿ ಸ್ಕ್ರೂ, ಎರಡು ಹಳದಿ. ಅವನ ಕೈ ಒಂದು ಕ್ಷಣ ನಿಂತಿತು.

"ಟ್ರೈಲರ್, ಹೋಗಿ ಟೀ ಹೇಳಿ ಬಾ," ಅಂದ, ತಲೆ ಎತ್ತದೇ.

ಟೀ ಹೇಳಿ ಬರೋ ಹೊತ್ತಿಗೆ ಅಂಗಡಿಯೋನು ಕೈ ಚೆಲ್ಲಿದ್ದ. "ಕ್ವಿಕ್ ಮಾಡಿದ್ರೆ ಹೇಗೋ ಎಳೀಬಹುದಿತ್ತು ಸಾರ್. ನೀವು ಮೂಲೆ ಮೂಲೆ ಗುಡಿಸಿದೀರ. ಚೂರೂ ಇಲ್ಲ."

ಅವತ್ತೇ ಸಂಜೆ ಭಾವ ಅಕ್ಕನ ಮುಂದೆ ಕೂತು ಹೇಳ್ದ. "ನಾನೇ ಕಣೇ. ಗಡಿಬಿಡೀಲಿ ತಪ್ಪು ಡಿಸ್ಕು ಒರೆಸ್ಬಿಟ್ಟೆ."

ಜೀವಮಾನದಲ್ಲಿ ಗಡಿಬಿಡಿ ಮಾಡದ ಮನುಷ್ಯ. ಅಕ್ಕ ಸ್ಲೇಟು ತಗೊಂಡ್ಲು, ಬರೆಯೋಕೆ ಹೋದ್ಲು, ಬಳಪ ಕೆಳಗಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ಲು.

ಮನೆಗೆ ಬಂದು ಎರಡು ತಿಂಗಳಾಯ್ತು. ಅಕ್ಕನ ದನಿ ಈಗ ಕಾಗದ ಹರಿದ ಹಾಗೆ. ಗುಬ್ಬಿ ಅರ್ಥ ಆಗದೇ "ಜೋರಾಗಿ ಹೇಳಮ್ಮಾ" ಅಂತಾಳೆ. ಟಿ.ವಿ.ಲಿ ಹಳೇ ಸಿನಿಮಾದ ಹೀರೋಯಿನ್ ಮಾತಾಡಿದ್ರೆ ಆಟ ಬಿಟ್ಟು "ಅಮ್ಮಾ!" ಅಂತ ಓಡಿ ಹೋಗ್ತಾಳೆ. ನಲವತ್ತು ಸಿನಿಮಾದಲ್ಲಿ ಆ ದನಿ ಯಾರ್ಯಾರನ್ನೋ ಕರೆಯುತ್ತೆ, ಒಂದ್ರಲ್ಲೂ ಗುಬ್ಬೀ ಅನ್ನಲ್ಲ. ಭಾವ ಟೀ ತಂದಿಟ್ರೆ ಅಕ್ಕ ಮುಟ್ಟಲ್ಲ, ಅದು ಅಲ್ಲೇ ಆರಿ ಕೆನೆ ಕಟ್ಟುತ್ತೆ.

ಈಗ ನಾನು ಹೇಳಿದ್ದ ಸೀನು. ಭಾನುವಾರ ಬೆಳಿಗ್ಗೆ ಟ್ರೈಲರ್ ಅಡುಗೆಮನೆ ಬಾಗಿಲಲ್ಲಿ ನಿಂತ. "ಅಕ್ಕಾ! ಶಿಕ್ಷೆ ಕೊಡೋದಾದ್ರೆ ನನಗೆ ಕೊಡು. ಡಿಸ್ಕು ಬದಲಾಯಿಸಿದೋನು ನಾನು. ಭಾವ ದೇವರು!" ಅಕ್ಕ ಕೈ ಎತ್ತಿದ್ಲು, ಕಪಾಳಕ್ಕೆ ಬಿಟ್ಲು, ಆಮೇಲೆ ತಬ್ಬಿಕೊಂಡ್ಲು. ಭಾವ ಹೆಗಲ ಮೇಲೆ ಕೈ ಇಟ್ಟ. ಮೂವರೂ ಅತ್ರು.

ಇಲ್ಲ ಕಣ್ರೀ. ಕರ್ಚೀಫ್ ಒಳಗಿಡಿ. ಹಾಗೆ ಆಗ್ಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದು ಮಾತ್ರ ನಿಜ. ಅಕ್ಕ ಹುಬ್ಬು ಎತ್ತಿ "ಏನೋ?" ಅಂದ್ಲು. ಭಾವ ಅಲ್ಲೇ ಪೇಪರ್ ಓದ್ತಿದ್ದ, ಪುಟ ಮಗುಚೋದು ನಿಲ್ಲಿಸಿದ. "ಅಕ್ಕಾ, ಟೀ ಕುಡೀತೀಯಾ?" ಅಂದ ಅವನು. ಅವನೂ ಅಲ್ಲ ಬಿಡಿ, ನಾನು. ಟ್ರೈಲರ್ ಅಂದ್ರೆ ನಾನೇ. ಭಾವ ಪುಟ ಮಗುಚಿ ಮತ್ತೆ ಓದೋಕೆ ಶುರು ಮಾಡ್ದ.

ಅವತ್ತು ಮಧ್ಯಾಹ್ನ ಕೀಬೋರ್ಡ್ ಮೇಲೆ ಒಂದು ಪೊಟ್ಟಣ ಇತ್ತು, ಕನ್ನಡಕದ ಅಂಗಡಿಯ ಚಿಕ್ಕ ಕವರು. ಒಳಗೆ ಅವತ್ತು ಕರಿ ಟ್ರೇಲಿ ಸಿಕ್ಕಿದ್ದ ಎರಡು ಹಳದಿ ಸ್ಕ್ರೂ. ಏನೂ ಬರೆದಿರಲಿಲ್ಲ. ಬಿಳಿ ಟ್ರೇ ಬಿಚ್ಚಿ, ಅವನ್ನ ಅವುಗಳ ಜಾಗಕ್ಕೆ ಹಾಕಿ ಬಿಗಿಯೋದು ಐದು ನಿಮಿಷದ ಕೆಲಸ. ಪೊಟ್ಟಣ ನನ್ನ ಜೇಬಲ್ಲೇ ಇದೆ. ಇನ್ನೂ ಹಾಕಿಲ್ಲ.