ಟಾವೆಲ್ಲಿನ ಕೆಳಗಿನ ಲೆಕ್ಕ

ಬೀದರ ಜಿಲ್ಲೆಯಲ್ಲಿ ಮದುವೆ ಫೋಟೋದ ರೇಟನ್ನು ಎರಡು ಸಲ ಮಾತಾಡುತ್ತಾರೆ. ಒಮ್ಮೆ ಮದುವೆಗೆ ಮುಂಚೆ, ಇನ್ನೊಮ್ಮೆ ಅಲ್ಬಮ್ ಮನೆಗೆ ಬಂದ ಮೇಲೆ. ಮೊದಲನೆಯ ಮಾತು ಚಹಾ ಕುಡಿಯುತ್ತ ನಡೆಯುತ್ತದೆ, ಎಲ್ಲರೂ ನಗುನಗುತ್ತ ಒಪ್ಪುತ್ತಾರೆ. ರೊಕ್ಕ ಕೊಡುವುದು ಮಾತ್ರ ಎರಡನೆಯ ಮಾತಿನ ಪ್ರಕಾರ.

ಭಾಲ್ಕಿಯ ರಾಜರತ್ನನಿಗೆ ಇದು ಹೊಸದೇನಲ್ಲ. ಅವನಿಗೆ ಸ್ಟುಡಿಯೊ ಇಲ್ಲ, ಬೋರ್ಡು ಇಲ್ಲ. ಇರುವುದು ಒಂದು ಕ್ಯಾಮೆರಾ, ಒಂದು ಸ್ಕೂಟಿ, ಸುತ್ತಲಿನ ಊರುಗಳಲ್ಲಿ ಒಂದು ಒಳ್ಳೆಯ ಹೆಸರು. ಕೆಲಸ ಚೊಕ್ಕ. ಅವನ ಫೋಟೋದಲ್ಲಿ ಮದುಮಗಳು ಅತ್ತರೆ ಅತ್ತ ಹಾಗೆಯೇ ಕಾಣುತ್ತದೆ, ನೆಗಡಿ ಬಂದ ಹಾಗೆ ಕಾಣುವುದಿಲ್ಲ. ಆದರೆ ಒಳ್ಳೆಯ ಹೆಸರಿನಲ್ಲಿಯೂ ಎರಡು ಥರ. ಚಲೋ ಫೋಟೋ ತೆಗೆಯುತ್ತಾನೆ ಎಂಬುದು ಒಂದು, ಕೇಳಿದರೆ ಕಡಿಮೆ ಮಾಡುತ್ತಾನೆ ಎಂಬುದು ಇನ್ನೊಂದು. ಎರಡನೆಯ ಹೆಸರು ಮೊದಲನೆಯದಕ್ಕಿಂತ ಬೇಗ ಊರು ಮುಟ್ಟುತ್ತಿತ್ತು.

ಬೀದರ ಪೇಟೆಯ ಬಟ್ಟೆ ಅಂಗಡಿಯ ಮುನೀರೋದ್ದೀನ ಸಾಹೇಬರು ಮಗನ ಮದುವೆಯ ವಲೀಮಾ ಊಟದ ವಿಡಿಯೊ ನೋಡಿ, ತಮ್ಮ ಗಡ್ಡ ಇರುವುದಕ್ಕಿಂತ ಹೆಚ್ಚು ಬೆಳ್ಳಗೆ ಬಂದಿದೆಯೆಂದು ಎರಡು ಸಾವಿರ ಮುರಿದುಕೊಂಡರು. ಭಾಲ್ಕಿಯ ದಿಲೀಪ ಎಂಬ ಎಂಜಿನಿಯರು ತಂಗಿಯ ಮದುವೆ ಮುಗಿದ ಮೇಲೆ ಇವನ ಹೆಗಲಿಗೆ ಕೈ ಹಾಕಿ, "ನೀ ನಮ್ಮ ಮನಿ ಮನಷ್ಯಾ ಇದ್ದಿ," ಎಂದ. ಅಷ್ಟು ತುಟ್ಟಿಯ ಮಾತು ಇನ್ನೊಂದಿಲ್ಲ. ಆ ಒಂದು ಮಾತಿಗೆ ಐದು ಸಾವಿರ ಹೋಯಿತು. ಇನ್ನೊಬ್ಬರು ಇವನು ಮದುವೆಯಲ್ಲಿ ಉಂಡ ಊಟವನ್ನು ಲೆಕ್ಕಕ್ಕೆ ಹಿಡಿದರು, ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡದ್ದು ಅವರ ನೆನಪಿನಲ್ಲಿತ್ತು.

ಹಾಗೆಂದು ಎಲ್ಲ ತಪ್ಪನ್ನೂ ಮದುವೆಯವರ ತಲೆಗೆ ಕಟ್ಟುವುದು ಅನ್ಯಾಯ. ರಾಜರತ್ನನಿಗೆ ರೊಕ್ಕದ ಮಾತು ಬಂದರೆ ಮೈಯೆಲ್ಲ ಹಿಂಡಿದಂತಾಗುತ್ತಿತ್ತು. ಎದುರಿನವರು ಹುಬ್ಬು ಗಂಟು ಹಾಕುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಅವರು ಬರೇ ಕೆಮ್ಮಿದರೂ ಇವನು ಒಂದು ಸಾವಿರ ಇಳಿಸಿ, ನೀರು ತಂದು ಕೊಡಲೇ ಎಂದು ಕೇಳುವ ಪೈಕಿ.

ಇದರ ಬಿಸಿ ತಟ್ಟುತ್ತಿದ್ದದ್ದು ಹೆಂಡತಿ ಪ್ರಣಾಲಿಗೆ. ಅಲ್ಬಮ್ಮಿನ ಹಾಳೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಜೋಡಿಸುವವಳು ಅವಳೇ. ಕಣ್ಣು ಉರಿಸಿಕೊಂಡು ಮಾಡಿದ ಕೆಲಸ ಯಾರದೋ ಗಡ್ಡದ ಖಾತೆಗೆ ಜಮಾ ಆಗುವುದನ್ನು ವರ್ಷಗಟ್ಟಲೆ ನೋಡಿ ಅವಳ ತಾಳ್ಮೆ ಮುಗಿದಿತ್ತು. ಅವಳ ಅಣ್ಣ ಮಚ್ಛೇಂದ್ರ ಬೀದರಿನಲ್ಲಿ ಗ್ಯಾಸ್ ಏಜೆನ್ಸಿ ನಡೆಸುತ್ತಿದ್ದ, ಕೌಂಟರಿನಲ್ಲಿ ಕೂರಲು ನಂಬಿಕೆಯ ಒಬ್ಬ ಮನುಷ್ಯ ಬೇಕಾಗಿದ್ದ.

"ಒಂದ್ ಮದುವಿ," ಎಂದಳು ಪ್ರಣಾಲಿ. "ಒಂದೇ ಒಂದು ಮದುವಿದು ಮಾತಾಡಿದಷ್ಟು ರೊಕ್ಕ ಪೂರಾ ತಂದು ತೋರಸ್ರಿ. ಇಲ್ಲಂದ್ರ ಒಂದನೇ ತಾರೀಖಿಗಿ ಅಣ್ಣನ ಕೌಂಟರಿಗಿ ಹೋಗಿ ಕೂಡ್ರಿ. ಅಲ್ಲಿ ರೇಟು ಸರ್ಕಾರ ಮಾಡ್ತದ, ನಿಮ್ಮ ಬಾಯಿಗಿ ಕೆಲಸಾನೇ ಇಲ್ಲ."

ರಾಜರತ್ನ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಹೆದರಿಕೆಯಾಯಿತು. ಕ್ಯಾಮೆರಾ ಬಿಟ್ಟರೆ ತನಗೆ ಬದುಕಿನಲ್ಲಿ ಪ್ರೀತಿಯಿಂದ ಮಾಡುವ ಕೆಲಸ ಬೇರೆ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳೊಳಗೆ ಕೈಯಲ್ಲಿದ್ದದ್ದು ಒಂದೇ ಆರ್ಡರು, ಅದೂ ಔರಾದ ತಾಲೂಕಿನ ಎಕಂಬಾದ ದತ್ತಾತ್ರಿಯದು.

ದತ್ತಾತ್ರಿಗೆ ಒಂದಿಷ್ಟು ಮಳೆ ಆಧಾರದ ಹೊಲ, ಒಂದು ದೊಡ್ಡ ಕುರಿ ಹಿಂಡು. ಚೌಕಾಸಿಯಲ್ಲಿ ಅವನ ಹೆಸರು ಗಡಿಯಾಚೆ ಉದಗೀರದವರೆಗೂ ಗೊತ್ತು. ಮಗಳು ಸರಿತಾಳ ನಿಶ್ಚಯದ ದಿನ ಬೀಗರು ತಂದ ಬಾಳೆಹಣ್ಣನ್ನೂ ಎಣಿಸಿ ನೋಡಿದ್ದನೆಂದು ಜನ ಹೇಳುತ್ತಿದ್ದರು. ಅವನು ರಾಜರತ್ನನನ್ನು ಮಾತಿಗೆ ಕರೆಸಿಕೊಂಡದ್ದು ಔರಾದಿನ ಕುರಿ ಸಂತೆಗೆ.

ಸುತ್ತ ಕುರಿ, ಕುರಿಯ ಸುತ್ತ ಜನ. ರಾಜರತ್ನ ಗಟ್ಟಿ ಮನಸ್ಸು ಮಾಡಿ, "ನಾಲ್ವತ್ತು ಸಾವಿರ ಆಗ್ತದ್ರಿ ಕಾಕಾ," ಎಂದ.

"ಹುಡುಗಿ ಅಷ್ಟೂರ ಗುಂಬಜದಾಗೂ ಫೋಟೋ ಬೇಕಂತಾಳ. ಮದುವಿಗಿ ಮೊದಲೇ, ಹುಡುಗನ ಕೂಡ," ಎಂದ ದತ್ತಾತ್ರಿ. ಅಷ್ಟೂರೆಂದರೆ ಬೀದರದ ಹೊರಗೆ ಹಳೆಯ ಸುಲ್ತಾನರ ಗೋರಿಗಳಿರುವ ಊರು.

"ತಗಿಯೋಣ್ರಿ."

ಆಗ ದತ್ತಾತ್ರಿ ಹೆಗಲ ಮೇಲಿನ ಟಾವೆಲ್ಲು ತೆಗೆದು ಇವನ ಕೈ ಮೇಲೆ ಹಾಕಿದ. ಹಾಕಿ, ಅದರ ಕೆಳಗೆ ಕೈ ತೂರಿಸಿ ಇವನ ಬೆರಳು ಹಿಡಿದ. ಕುರಿ ವ್ಯಾಪಾರದವರು ಹೀಗೆಯೇ. ಬಾಯಿ ಬಿಟ್ಟು ಬೆಲೆ ಹೇಳಿದರೆ ಸಂತೆಗೆಲ್ಲ ಗೊತ್ತಾಗುತ್ತದೆ, ಅದಕ್ಕೆ ಬೆರಳು ಹಿಡಿದೇ ವ್ಯವಹಾರ ಮುಗಿಸುತ್ತಾರೆ. ಇಷ್ಟು ರಾಜರತ್ನನಿಗೂ ಗೊತ್ತಿತ್ತು. ಯಾವ ಬೆರಳಿಗೆ ಎಷ್ಟು ಎಂಬುದು ಗೊತ್ತಿರಲಿಲ್ಲ. ಅವನು ಹುಟ್ಟಿ ಬೆಳೆದ ಭಾತಂಬ್ರಾದ ಮನೆಯಲ್ಲಿ ಅಪ್ಪ ಪೋಸ್ಟಿನ ನೌಕರಿಯವರು, ಕುರಿ ಕಂಡದ್ದು ರಸ್ತೆಗೆ ಅಡ್ಡ ಬಂದಾಗ ಮಾತ್ರ.

ದತ್ತಾತ್ರಿ ಮೊದಲು ನಾಲ್ಕು ಬೆರಳು ಹಿಡಿದು ಅದುಮಿದ. ಬಿಟ್ಟ. ಆಮೇಲೆ ಐದೂ ಬೆರಳು ಸೇರಿಸಿ ಅದುಮಿದ. ಹತ್ತಾರು ಜನ ಇವನ ಮುಖವನ್ನೇ ನೋಡುತ್ತಿದ್ದರು. ತಿಳಿಯಲಿಲ್ಲ ಎಂದು ಆ ಜನರೆದುರು ಹೇಳುವುದಕ್ಕೆ ನಾಚಿಕೆಯಾಗಿ ರಾಜರತ್ನ ತಲೆಯಾಡಿಸಿದ. "ಮುಗೀತು!" ಎಂದು ದತ್ತಾತ್ರಿ ಟಾವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಅಲ್ಬಮ್ ಒಪ್ಪಸು, ರೊಕ್ಕ ಒಯ್ಯಿ."

ಭಾಲ್ಕಿಯ ದಾರಿಯುದ್ದಕ್ಕೂ ರಾಜರತ್ನ ಲೆಕ್ಕ ಹಾಕಿದ. ನಾಲ್ಕು ಎಂದರೆ ನಾಲ್ವತ್ತು, ಅದರಲ್ಲಿ ಸಂಶಯವಿಲ್ಲ. ಆಮೇಲೆ ಐದು. ಅವನ ಅನುಭವದಲ್ಲಿ ಎರಡನೆಯ ಸಂಖ್ಯೆ ಯಾವಾಗಲೂ ಕಳೆಯುವುದಕ್ಕೇ ಬರುವಂಥದ್ದು. ಹಾಗಾಗಿ ಮೂವತ್ತೈದು, ಅಷ್ಟೂರ ಪುಕ್ಕಟೆ. ಮನೆಗೆ ಬಂದು, "ಮೂವತ್ತೈದಕ್ಕ ಆಯ್ತು," ಎಂದ. ಪ್ರಣಾಲಿ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಒಂದನೇ ತಾರೀಖು ನೋಡಿ ಬಂದಳು.

ಅಷ್ಟೂರಿನ ಗುಂಬಜಗಳ ಮುಂದೆ ಸರಿತಾ ಮತ್ತು ಅವಳ ಹುಡುಗ ಇಡೀ ಮುಂಜಾನೆ ನಾಚಿಕೊಂಡರು. ಮದುವೆಯೂ ಸಾಂಗವಾಗಿ ನಡೆಯಿತು. ರಾಜರತ್ನ ಈ ಸಲ ಹೋಳಿಗೆ ಒಂದೇ ಹಾಕಿಸಿಕೊಂಡ. ಪ್ರಣಾಲಿ ಅಲ್ಬಮ್ ಜೋಡಿಸಿದಳು, ಬೀದರಿನಲ್ಲಿ ಅಚ್ಚಾಗಿ ಬಂತು, ನಿಜಕ್ಕೂ ಚಂದ ಬಂದಿತ್ತು. ಅದನ್ನು ಸ್ಕೂಟಿಯ ಮೇಲಿಟ್ಟುಕೊಂಡು ಎಕಂಬಾಕ್ಕೆ ಹೊರಟವನ ಕಿವಿಯಲ್ಲಿ ಹೆಂಡತಿ ಹೇಳಿದ ಒಂದೇ ಮಾತು, "ಅವರು ಏನರ ಅನ್ಲಿ, ನೀವು ಬಾಯಿ ತಗೀಬ್ಯಾಡ್ರಿ."

ದತ್ತಾತ್ರಿ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಕೂತು ಅಲ್ಬಮ್ ತೆಗೆದ. ಹೆಂಡತಿ ಸುಂದರಬಾಯಿ ಪಕ್ಕಕ್ಕೆ ನಿಂತಳು. ಅವನು ಒಂದೊಂದೇ ಹಾಳೆ ತಿರುವುತ್ತ ಹೋದ.

"ಇದರಾಗ ನಮ್ಮ ಭಾವ ಕಣ್ಣ ಮುಚ್ಚ್ಯಾನ."

"ಹೌದ್ರಿ ಕಾಕಾ. ಅಕ್ಷತಿ ಕಣ್ಣಾಗ ಬಿದ್ದಿತ್ತು."

"ಇದರಾಗೂ ಮುಚ್ಚ್ಯಾನ."

"ಅದು ಊಟ ಆದಮ್ಯಾಲಿಂದು ರಿ."

"ಈ ಕಡಿ ಇಷ್ಟು ಜಾಗಾ ಖಾಲಿ ಬಿಟ್ಟಿ. ಇಲ್ಲೊಬ್ಬರು ಹಿಡೀತಿದ್ರು." ದತ್ತಾತ್ರಿ ಇನ್ನೊಂದು ಹಾಳೆ ತಿರುವಿ, ಹುಬ್ಬು ಗಂಟು ಹಾಕಿ, ಸಣ್ಣಗೆ ಕೆಮ್ಮಿದ.

ಬಾಯಿ ತೆಗೆಯಬಾರದು ಎಂಬುದು ರಾಜರತ್ನನಿಗೆ ನೆನಪಿತ್ತು. ಗ್ಯಾಸಿನ ಕೌಂಟರೂ ಕಣ್ಣ ಮುಂದೆ ಬಂತು. ಆದರೆ ಬಾಯಿಗೆ ಬೇರೆ ರೂಢಿಯಾಗಿತ್ತು.

"ಕಾಕಾ, ಮೂವತ್ತು ಕೊಡ್ರಿ, ಸಾಕು," ಎಂದುಬಿಟ್ಟ.

ಅಂದ ಕೂಡಲೇ ಅವನಿಗೆ ಅಳು ಬಂದಂತಾಯಿತು. ಯಾರೂ ಏನೂ ಕೇಳಿರಲಿಲ್ಲ. ಇಷ್ಟು ವರ್ಷದ ಕೆಲಸವನ್ನು ಒಂದು ಕೆಮ್ಮಿಗೆ ಮಾರಿ ಕೂತಿದ್ದ.

ದತ್ತಾತ್ರಿ ತಿರುವುತ್ತಿದ್ದ ಹಾಳೆಯನ್ನು ಅಲ್ಲಿಯೇ ಬಿಟ್ಟ. ರಾಜರತ್ನನ ಮುಖ ನೋಡಿದ, ಅಲ್ಬಮ್ ನೋಡಿದ. ಮುಖದಲ್ಲಿ ಸಂತೋಷದ ಸುಳಿವೂ ಇರಲಿಲ್ಲ.

"ಏನ್ ಆಗ್ಯಾದ ಇದಕ್ಕ?" ಎಂದ.

"ಯಾವುದಕ್ಕ್ರಿ?"

"ಅಲ್ಬಮಿಗಿ. ಮಾರಾವ ತಾನಾಗೇ ರೇಟ್ ಇಳಸಿದಾ ಅಂದ್ರ ಕುರಿಗಿ ರೋಗ ಅದ ಅಂತ ಅರ್ಥ. ಖರೇ ಹೇಳು, ಏನ್ ಆಗ್ಯಾದ?"

"ಏನೂ ಆಗಿಲ್ರಿ."

ದತ್ತಾತ್ರಿ ನಂಬಲಿಲ್ಲ. ಅಲ್ಬಮನ್ನು ಮೊದಲಿನಿಂದ ತೆಗೆದ. ಹಾಳೆಯನ್ನು ಹೆಬ್ಬೆರಳಿನಿಂದ ತಿಕ್ಕಿದ, ಬಣ್ಣ ಬಿಡಲಿಲ್ಲ. ಬಿಸಿಲಿಗೆ ಹಿಡಿದ. ಹೊಲಿಗೆ ಎಳೆದು ನೋಡಿದ. ಮೂಗಿನ ಹತ್ತಿರ ಒಯ್ದು ಮೂಸಿದ. ದೋಷ ಸಿಗದೆ ಹೋದಷ್ಟೂ ಅವನ ಅನುಮಾನ ಹೆಚ್ಚುತ್ತ ಹೋಯಿತು.

"ಒಳಗಿನ ರೋಗ ಇರಬೇಕು," ಎಂದ ಹೆಂಡತಿಗೆ. "ಎರಡ್ ವರ್ಷಕ್ಕ ಫೋಟೋ ಹಾರಿ ಹೋಗ್ತಾವೇನೋ. ನನಗ ಬ್ಯಾಡ ಇದು. ತಗೊಂಡು ಹೋಗು ತಮ್ಮಾ."

ಅಲ್ಬಮ್ ವಾಪಸು ಒಯ್ದರೆ ರೊಕ್ಕವೂ ಇಲ್ಲ, ಒಂದನೇ ತಾರೀಖಿಗೆ ಗ್ಯಾಸಿನ ಕೌಂಟರೇ ಗತಿ ಎಂದು ರಾಜರತ್ನನಿಗೆ ಹೊಳೆಯಿತು. ನಾಲ್ಕು ಮಾತು ಬಿಟ್ಟು ಐದನೆಯದು ಆಡದವನು ಅಂಗಳದಲ್ಲಿ ಎದ್ದು ನಿಂತ.

"ಕಾಕಾ, ಇದರಾಗ ಯಾ ರೋಗಾನೂ ಇಲ್ಲ! ಬೀದರಿನಾಗ ಇದಕ್ಕಿಂತ ಚಲೋ ಹಾಳಿ ಸಿಗೂದಿಲ್ಲ. ಸರಿತಾ ಮಾಲಿ ಹಾಕೂಮುಂದ ನೀವು ಕಣ್ಣ ಒರಸಿಕೊಂಡ್ರಿ. ಆ ಗದ್ದಲದಾಗ ಅದು ಯಾರೂ ನೋಡಿಲ್ಲ, ನಾ ನೋಡೀನಿ. ನೋಡ್ರಿ ಇಲ್ಲಿ. ಹಿಂತಾ ಫೋಟೋ ಈ ತಾಲೂಕಿನಾಗ ಯಾರ ತಗೀತಾರ್ರಿ? ನನ್ನ ಹೆಂಡತಿ ಒಂದೊಂದು ಹಾಳಿ ಹತ್ತ್ ಸಲ ಜೋಡಸ್ಯಾಳ."

ಸುಂದರಬಾಯಿ ಬಗ್ಗಿ ಆ ಹಾಳೆ ನೋಡಿದಳು. ಗಂಡ ಅತ್ತದ್ದಕ್ಕೆ ಸಾಕ್ಷಿ ಸಿಕ್ಕಿತೆಂದು ಅವಳಿಗೆ ಬಹಳ ಖುಷಿಯಾಯಿತು.

ದತ್ತಾತ್ರಿ ಕೂಡ ನೋಡಿದ. "ಚಲೋ ಅದ ಅಂದ್ರ ಯಾಕ ಇಳಸ್ಲತ್ತಿ? ಟಾವೆಲ್ಲಿನಾಗ ಆದ ಮಾತು ಯಾರರ ಬದಲಾಯಸ್ತಾರೇನು? ಎಷ್ಟಕ್ಕ ಆಗಿತ್ತು, ಹೇಳು."

"ಮೂವತ್ತೈದಕ್ಕ್ರಿ."

"ಯಾರಿಗಿ ಮೂವತ್ತೈದು?" ದತ್ತಾತ್ರಿ ಹೊರಸಿನಿಂದ ಇಳಿದೇಬಿಟ್ಟ. "ನಾಲ್ಕು ಬಟ್ಟ ಹಿಡದೆ. ಆಮ್ಯಾಲ ಐದು ಹಿಡದೆ. ಮೊದಲಿಂದು ಹತ್ತರ ಲೆಕ್ಕ, ಎರಡನೇದು ಒಂದರ ಲೆಕ್ಕ. ನಾಲ್ವತ್ತೈದು. ನಾಲ್ವತ್ತು ನೀ ಕೇಳಿದ್ದು, ಐದು ಅಷ್ಟೂರಿಂದು. ಅಷ್ಟೂರಿಗಿ ನೀ ಹತ್ತು ಕೇಳೂಕಿಂತ ಮೊದಲೇ ಐದರಾಗ ಮುಗಸಿದೆ. ಮೂವತ್ತೈದು ಎಲ್ಲಿಂದ ತಂದಿ?"

ರಾಜರತ್ನನ ಮುಖ ಕೆಂಪಾಯಿತು. "ನನಗ ಬಟ್ಟಿನ ಲೆಕ್ಕ ಬರೂದಿಲ್ರಿ ಕಾಕಾ. ಮಂದಿ ಮುಂದ ಹೇಳಲಿಕ್ಕಿ ನಾಚಿಕಿ ಆಯ್ತು. ನಾಲ್ವತ್ತರಾಗ ಐದು ಕಳದೆ."

"ಯಾಕ ಕಳದಿ? ಯಾಕ ಕೂಡಸಲಿಲ್ಲ?"

"ನನಗ ಎಲ್ಲಾರೂ ಕಳದೇ ಕೊಡ್ತಾರ್ರಿ."

ಸುಂದರಬಾಯಿ ಸೆರಗು ಬಾಯಿಗೆ ಹಿಡಿದಳು, ನಗುವಿಗೋ ಕನಿಕರಕ್ಕೋ ಹೇಳಲು ಬಾರದು.

"ಹಿಂಗ ಎಷ್ಟ್ ಮಂದಿಗಿ ಇಳಸಿ ಕೊಟ್ಟಿ ತಮ್ಮಾ?" ಎಂದು ಕೇಳಿದ ದತ್ತಾತ್ರಿ.

"ಎಲ್ಲಾರಿಗೂ."

"ಹಂಗಾರ ಅವರೆಲ್ಲಾ ಮನ್ಯಾಗ ರೋಗದ ಕುರಿ ಕಟಗೊಂಡೀವಿ ಅಂತ ತಿಳಕೊಂಡು ಕುಂತಾರ."

ಅದನ್ನು ಅವನು ಬೈಗುಳದಂತೆ ಹೇಳಲಿಲ್ಲ, ಸಂತೆಯ ಸುದ್ದಿ ಹೇಳುವಂತೆ ಹೇಳಿದ. ರಾಜರತ್ನನಿಗೆ ಬೀದರ, ಭಾಲ್ಕಿಯ ಕಪಾಟುಗಳಲ್ಲಿ ಮಲಗಿರುವ ತನ್ನ ಅಲ್ಬಮುಗಳೆಲ್ಲ ಕಣ್ಣಿಗೆ ಕಟ್ಟಿದವು. ಒಂದಕ್ಕೂ ರೋಗವಿರಲಿಲ್ಲ. ಪ್ರತಿಯೊಂದಕ್ಕೂ ತಾನೇ ಬಾಯಾರೆ ರೋಗ ಹಚ್ಚಿ ಬಂದಿದ್ದ. ಅವನಿಗೆ ತನ್ನ ಮೇಲೆ ಬಹಳ ಸಿಟ್ಟು ಬಂತು, ಅಲ್ಬಮುಗಳ ಮೇಲೆ ಬಹಳ ಕನಿಕರ ಬಂತು.

ಸುಂದರಬಾಯಿ ಒಳಗೆ ಹೋಗಿ ಟ್ರಂಕಿನಿಂದ ನಾಲ್ವತ್ತೈದು ಸಾವಿರದ ಗಂಟು ತಂದಳು. ಮದುವೆ ಮುಗಿದ ದಿನವೇ ಎಣಿಸಿ ಕಟ್ಟಿಟ್ಟದ್ದು. ದತ್ತಾತ್ರಿ ಅದನ್ನು ಕೈಗೆ ಕೊಡುವಾಗ ಅವನ ಹುಟ್ಟುಗುಣ ಎಚ್ಚರವಾಯಿತು.

"ಆ ಕಣ್ಣ ಒರಸಿಕೊಳ್ಳೂ ಫೋಟೋ ಒಂದ್ ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡು. ಚೌಕಾಸಿ ಅಲ್ಲ ಇದು, ಬರೇ ಕೊಸರು."

ರಾಜರತ್ನ ಗಂಟನ್ನು ಅಂಗಿಯೊಳಗೆ ಇಟ್ಟುಕೊಂಡ. "ಅದಕ್ಕ ಬ್ಯಾರೆ ರೇಟ್ ಆಗ್ತದ್ರಿ ಕಾಕಾ. ಸಾವಿರದ ಇನ್ನೂರು."

ದತ್ತಾತ್ರಿಯ ಮುಖ ಅರಳಿತು. "ಈಗ ಖಾತ್ರಿ ಆಯ್ತು," ಎಂದ ಹೆಂಡತಿಗೆ. "ರೋಗ ಇಲ್ಲ." ಸಾವಿರದ ಇನ್ನೂರು ತುಟ್ಟಿಯೆಂದು ಫೋಟೋ ಮಾತ್ರ ಮಾಡಿಸಲಿಲ್ಲ. ಸುಂದರಬಾಯಿ ಆಮೇಲೆ ತನ್ನ ಗಂಟಿನಿಂದ ರೊಕ್ಕ ಕೊಟ್ಟು ಮಾಡಿಸಿಕೊಂಡಳಂತೆ, ಅದು ಬೇರೆ ಮಾತು.

ಭಾಲ್ಕಿಯಲ್ಲಿ ಪ್ರಣಾಲಿ ಬಾಗಿಲಲ್ಲಿಯೇ ಕಾಯುತ್ತಿದ್ದಳು. ಅವನ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಗಂಟು ಬಿಚ್ಚಿ ಎಣಿಸಿದಳು. ಮೂವತ್ತೈದು ದಾಟಿದ ಮೇಲೆ ಅವಳ ಕೈ ನಿಧಾನವಾಯಿತು. ನಾಲ್ವತ್ತೈದಕ್ಕೆ ನಿಂತು, ಮತ್ತೊಮ್ಮೆ ಎಣಿಸಿ, ಗಂಡನತ್ತ ನೋಡಿದಳು. ರಾಜರತ್ನ ಬೆರಳಿನ ಲೆಕ್ಕವನ್ನೆಲ್ಲ ಹೇಳಿದ. ಅವಳು ಕೊನೆಯವರೆಗೆ ಕೇಳಿ, ಇಷ್ಟು ವರ್ಷದ ರೂಢಿಯ ಪ್ರಶ್ನೆಯನ್ನೇ ಕೇಳಿದಳು.

"ಎಷ್ಟು ಬಿಟ್ಟು ಬಂದ್ರಿ?"

"ಹದಿನೈದು ಬಿಟ್ಟಿದ್ದೆ," ಎಂದ ರಾಜರತ್ನ. "ಅವರು ತಗೊಳ್ಳಲಿಲ್ಲ."

ಪ್ರಣಾಲಿ ನಗಲೂ ಇಲ್ಲ, ಬೈಯಲೂ ಇಲ್ಲ. ಫೋನು ತೆಗೆದು ಅಣ್ಣನಿಗೆ ಹಚ್ಚಿ, ಕೌಂಟರಿಗೆ ಬೇರೆ ಯಾರನ್ನಾದರೂ ನೋಡಿಕೊ ಎಂದಳು. ಆಮೇಲೆ ಫೋನು ಕೆಳಗಿಟ್ಟು ಹೇಳಿದಳು.

"ಇನ್ನ ಮ್ಯಾಲ ರೊಕ್ಕದ ಮಾತು ನಾ ಆಡ್ತೇನಿ. ನೀವು ಬರೇ ಫೋಟೋ ತಗೀರಿ. ಗಳಸಿದ್ದರಾಗ ಅರ್ಧ ನಂದು."

ರಾಜರತ್ನ ಇದಕ್ಕೂ ಚೌಕಾಸಿ ಮಾಡಲಿಲ್ಲ.