ಫಿಲ್ಮಿನ ಕತ್ತರಿಸಿದ ಮೂಲೆ

ಪ್ರಯೋಗಾಲಯದ ಸಹಾಯಕಿ ಜೀನಾ ಕತ್ತಲಕೋಣೆಯಲ್ಲಿ ಫಿಲ್ಮನ್ನು ದ್ರಾವಣದಲ್ಲಿ ಮುಳುಗಿಸಿದಳು. ಕೆಳಗೆ, ಮಾಸ್ಕೋ ಹೊರವಲಯದ ಸಂಶೋಧನಾ ಸಂಸ್ಥೆಯ ಸಭಾಂಗಣದಲ್ಲಿ, ವಿಜ್ಞಾನಿ ಗೆರ್ಮನನ ಶವಪೆಟ್ಟಿಗೆ ಇಟ್ಟಿದ್ದರು. ಜನ ಎರಡೆರಡು ಕೆಂಪು ಹೂ ಹಿಡಿದು ಬರುತ್ತಿದ್ದರು. ಈ ಫಿಲ್ಮನ್ನು ಹಾಕಿ ಎಕ್ಸ್‌ರೇ ಯಂತ್ರ ಚಾಲೂ ಮಾಡಿ ಮನೆಗೆ ಹೋದ ಗೆರ್ಮನ್ ಊಟದ ಮೇಜಿನ ಮುಂದೆಯೇ ಕುಸಿದಿದ್ದ. ಯಾರೂ ಆರಿಸದೆ ಯಂತ್ರ ತನ್ನ ಪಾಡಿಗೆ ಕೆಲಸ ಮುಗಿಸಿತ್ತು.

ಬಾಗಿಲಾಚೆಯಿಂದ ಅವನ ಹೆಂಡತಿ ರೈಸಾ ಕೇಳಿದಳು, "ಚಿತ್ರ ಬಂತೇನೇ ಜೀನಾ?"

"ಇನ್ನೂ ಇಲ್ಲ ಅಕ್ಕ. ನೀವು ಕೆಳಗೆ ಹೋಗಿ, ಇಲ್ಲಿ ಚಳಿ."

"ಪೆಟ್ಟಿಗೆ ಮುಚ್ಚೋ ಮುಂಚೆ ಅವನಿಗೆ ಹೇಳ್ಬೇಕು ಕಣೇ. ಇಲ್ದಿದ್ರೆ ಅಲ್ಲೂ ನೆಮ್ಮದಿಯಾಗಿ ಮಲಗೋ ಪ್ರಾಣಿ ಅಲ್ಲ ಅದು."

\*\*\*

ಗೆರ್ಮನ್ ಪರೀಕ್ಷಿಸುತ್ತಿದ್ದ ಪಾಲಿಮರಿನ ಸರಪಳಿಯ ಪಕ್ಕಕ್ಕೆ ಬಿಲ್ಲೆಯಂಥ ಅಣುಗಳು ಜೋತುಬಿದ್ದಿರುತ್ತವೆ. ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ. ಕರಗಿದ ಮುದ್ದೆಯಿಂದ ಚಿಮಟದಲ್ಲಿ ನೂಲೆಳೆದರೆ ಆ ಕಂಬಗಳು ನೂಲಿನ ಉದ್ದಕ್ಕೆ ಮಲಗುತ್ತವೆ ಎಂದು ಗೆರ್ಮನನ ಹಟ. ಅಡ್ಡಕ್ಕೆ ಎಂದು ವಿಭಾಗದ ಮುಖ್ಯಸ್ಥ ಸವೇಲಿ. ನೂಲನ್ನು ನೆಟ್ಟಗೆ ನಿಲ್ಲಿಸಿ ಎಕ್ಸ್‌ರೇ ಹಾಯಿಸಿದಾಗ, ಕಂಬಗಳು ಉದ್ದಕ್ಕಿದ್ದರೆ ಫಿಲ್ಮಿನಲ್ಲಿ ಕಪ್ಪು ಕಲೆಗಳು ಎಡಬಲಕ್ಕೆ ಬೀಳಬೇಕು, ಅಡ್ಡಕ್ಕಿದ್ದರೆ ಮೇಲೆ ಕೆಳಗೆ. ಅಷ್ಟಕ್ಕೇ ಇಬ್ಬರೂ ವರ್ಷಗಟ್ಟಲೆ ಕಚ್ಚಾಡಿದರು, ನೋಡಿ.

"ಏನಯ್ಯಾ, ನಿನ್ನ ಕಂಬಗಳು ಇನ್ನೂ ಮಲಗಿಲ್ವಾ? ಒಂದು ಜೋಗುಳ ಹಾಡು" ಎಂದು ಚಹಾದ ಹೊತ್ತಿಗೆ ಸವೇಲಿ ಕೆಣಕುತ್ತಿದ್ದ.

"ಈ ಸಲ ಚೆನ್ನಾಗಿ ಎಳೆದಿದೀನಿ. ನೋಡ್ತಿರು."

ಫಿಲ್ಮು ಹಾಕುವಾಗೆಲ್ಲ, ಯಾವ ಕಡೆ ಮೇಲೆಂದು ಆಮೇಲೆ ಗೊತ್ತಾಗಲೆಂದು, ಗೆರ್ಮನ್ ಅದರ ಮೇಲಿನ ಬಲಮೂಲೆಯನ್ನು ಚೂರು ಕತ್ತರಿಸುತ್ತಿದ್ದ. "ಇದು ಕಾಲು ಸುತ್ತು ತಿರುಗಿಬಿಟ್ರೆ ನಾನೂ ಸವೇಲಿ ಆಗ್ಬಿಡ್ತೀನಿ ಜೀನಾ" ಎಂದು ನಗುತ್ತಿದ್ದ.

\*\*\*

ತೊಳೆದ ಫಿಲ್ಮನ್ನು ಜೀನಾ ದೀಪಕ್ಕೆ ಹಿಡಿದಳು. ಕತ್ತರಿಸಿದ ಮೂಲೆ ಮೇಲೆ ಬಲಕ್ಕೆ ಬರುವಂತೆ ಸರಿಮಾಡಿಕೊಂಡಳು. ಒಂದು ಕಲೆ ಮೇಲೆ, ಒಂದು ಕೆಳಗೆ. ಇದಕ್ಕಾಗಿ ಜೀವ ತೇಯ್ದವನ ಮಾತೇ ತಪ್ಪಾಗಿತ್ತು.

ಕೆಳಗೆ ಮುಚ್ಚಳ ಹಿಡಿದವರು ಕಾಯುತ್ತಿದ್ದರು. ಸವೇಲಿ ಪೆಟ್ಟಿಗೆಯ ಪಕ್ಕದಲ್ಲಿ ತುಪ್ಪಳದ ಟೋಪಿ ಹಿಂಡುತ್ತ ನಿಂತಿದ್ದ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ತೋರ್ಸೇ" ಎಂದಳು ರೈಸಾ. "ಎಡಕ್ಕೆ, ಬಲಕ್ಕೆ ತಾನೇ? ಅಡುಗೆಮನೇಲಿ ಕೂತ್ಕೊಂಡು ಅದೇ ಜಪ ಮಾಡ್ತಿದ್ದ."

ಜೀನಾ ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಕಲೆಗಳು ಎಡಕ್ಕೊಂದು, ಬಲಕ್ಕೊಂದು ಇದ್ದವು.

ರೈಸಾ ಗಂಡನ ಕಿವಿಗೆ ಬಗ್ಗಿದಳು. "ಕೇಳಿಸ್ತಾ? ನೀನು ಹೇಳಿದ್ದೇ ಸರಿ."

ಸವೇಲಿ ಫಿಲ್ಮನ್ನು ನೋಡಿದ. ಆಮೇಲೆ ಅದರ ಕೆಳಗಿನ ಬಲಮೂಲೆಯನ್ನು ಒತ್ತಿ ಹಿಡಿದಿದ್ದ ಜೀನಾಳ ಹೆಬ್ಬೆರಳನ್ನು ನೋಡಿದ.

"ಸೋತೆ ಕಣಯ್ಯಾ ಗೆರ್ಮನ್" ಎಂದ.

ಫಿಲ್ಮಿಗೆ ರೈಸಾ ಕೈ ಚಾಚಿದಳು. ಅಷ್ಟರಲ್ಲಿ ಸವೇಲಿಯೇ ಅದನ್ನು ತೆಗೆದುಕೊಂಡ. ಜೀನಾಳ ಬೆರಳು ಸರಿದಾಗ ಕಂಡ ಕತ್ತರಿಸಿದ ಮೂಲೆಯ ಮೇಲೆ ತನ್ನ ಹೆಬ್ಬೆರಳಿಟ್ಟು, ಗೆಳೆಯನ ಕೋಟಿನ ಜೇಬಿಗೆ ಇಳಿಬಿಟ್ಟ.