ಸಂಯುಕ್ತಾ ಕೂರಿಸಿದ ಹಲ್ಲು

ಹೆಂಡತಿ ವನಜಾಳ ತವರಿನಿಂದ ಬಂದ ಕರದಂಟು ಕಚ್ಚುವಾಗ ವಿನಾಯಕನ ಮುಂದಿನ ಹಲ್ಲು ಕಟಕ್ಕೆಂದಿತು. ಅಂಗೈಗೆ ಉಗುಳಿ ನೋಡಿದರೆ ಬಿಳಿ ಹಲ್ಲಿನ ತಳಕ್ಕೆ ಲೋಹದ ಚೂರೊಂದು ಅಂಟಿಕೊಂಡಿತ್ತು. ಅದರ ಉಳಿದರ್ಧ ವಸಡಿನೊಳಗೇ ಇತ್ತು. ಅದು ಹುಟ್ಟು ಹಲ್ಲಲ್ಲ. ಮೂರು ವರ್ಷದ ಹಿಂದೆ, ಹೈದರಾಬಾದಿನ ಮಾದಾಪುರದ ಸಾಫ್ಟ್‌ವೇರ್ ಕಂಪನಿಗೆ ಸೇರಿದ ಹೊಸದರಲ್ಲಿ ಬೈಕಿನಿಂದ ಬಿದ್ದಾಗ, ದವಡೆಯ ಎಲುಬಿನಲ್ಲಿ ತಿರುಪು ಕೂರಿಸಿ ಅದರ ಮೇಲೆ ಕಟ್ಟಿಸಿಕೊಂಡ ಇಂಪ್ಲಾಂಟ್. ವನಜಾ ಗಾಬರಿಯಾದಳು, ಓಡಿ ನೀರು ತಂದಳು. ಒಳಗೊಳಗೇ ಮಾತ್ರ ಅವಳಿಗೆ ಹಬ್ಬವಾಗಿತ್ತು. ಆ ಹಲ್ಲು ಕೂರಿಸಿದವಳು ಸಂಯುಕ್ತಾ.

ಸಂಯುಕ್ತಾ ಕಾಚಿಗೂಡದಲ್ಲಿ ಹಲ್ಲಿನ ಡಾಕ್ಟರು. ವಿನಾಯಕನ ಅಪ್ಪ, ಅವಳ ಅಪ್ಪ ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಮಕ್ಕಳು ಒಂದೇ ಕ್ವಾರ್ಟರ್ಸಿನಲ್ಲಿ ಬೆಳೆದವರು. ಹಿರಿಯರು ಮದುವೆಯ ಮಾತನ್ನೂ ಆಡಿದ್ದರಂತೆ. ಇದೆಲ್ಲ ನಾಚಾರಂನ ಅವರ ಮನೆಯ ಕೆಳಮಹಡಿಯಲ್ಲಿರುವ ಯಂಕಮ್ಮ ವನಜಾಳಿಗೆ ಹೇಳಿದ್ದು. ಆ ಮಾತು ಯಾಕೆ ಮುರಿಯಿತೆಂದು ಕೇಳಿದ್ದಕ್ಕೆ, ತನಗೇನೂ ಗೊತ್ತಿಲ್ಲವೆನ್ನುತ್ತಲೇ ಯಂಕಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಿದ್ದಳು. ಅಂದಿನಿಂದ ವನಜಾಳಿಗೆ ಗಂಡ ನಕ್ಕಾಗಲೆಲ್ಲ ಮೊದಲು ಕಾಣುತ್ತಿದ್ದುದು ಆ ಹಲ್ಲೇ.

“ಹೈದರಾಬಾದಿನ್ಯಾಗ ಬ್ಯಾರೆ ಡಾಕ್ಟರ್ ಇಲ್ಲೇನ್ರಿ?” ಎಂದು ವನಜಾ ಕೇಳಿದಳು, ಸಂಯುಕ್ತಾಳಿಗೇ ತೋರಿಸುತ್ತೇನೆಂದು ಗಂಡ ಹೊರಟಾಗ.

ಅವಳ ಮಾತಿಗೆ ವಿನಾಯಕ ಹಬ್ಸಿಗೂಡದ ಒಬ್ಬ ಡಾಕ್ಟರ ಹತ್ತಿರ ಹೋಗಿಬಂದ. ಅವರು ಎಕ್ಸ್‌ರೇ ನೋಡಿ, ಈ ಕಂಪನಿಯ ತಿರುಪು ಬಿಚ್ಚುವ ಸಾಮಾನು ತಮ್ಮ ಹತ್ತಿರ ಇಲ್ಲ, ಕೂರಿಸಿದವರೇ ತೆಗೆಯುವುದು ಒಳ್ಳೆಯದು ಎಂದು ಕಳಿಸಿದರು. ಹಾಗಾದರೆ ತಾನೂ ಜೊತೆಗೆ ಬರುವುದಾಗಿ ವನಜಾ ಹೇಳಿದಳು.

ಕ್ಲಿನಿಕ್ಕಿನಲ್ಲಿ ಸಂಯುಕ್ತಾ ಅವಳಿಗೆ ಕನ್ನಡದಲ್ಲಿ ಕೂಡಲು ಹೇಳಿ, ವಿನಾಯಕನ ಕಡೆ ತಿರುಗಿದವಳೇ ತೆಲುಗಿಗೆ ಹೊರಳಿದಳು. ಇಬ್ಬರ ಮನೆಮಾತೂ ಕನ್ನಡವೇ. ಆದರೆ ಇಲ್ಲಿ ಬೆಳೆದವರು ಹೊಸ್ತಿಲು ದಾಟಿದ ಮೇಲೆ ತೆಲುಗು ಆಡುತ್ತಾರೆಂಬುದು, ಮದುವೆಯಾಗಿ ಎಂಟು ತಿಂಗಳ ಹಿಂದೆ ಇಳಕಲ್ಲಿನಿಂದ ಬಂದ ವನಜಾಳಿಗೆ ಗೊತ್ತಾಗಿತ್ತು. ಗೊತ್ತಾದ ಮಾತ್ರಕ್ಕೆ ಮನಸ್ಸು ಒಪ್ಪಬೇಕಲ್ಲ. ಅವರು ಏನೋ ಅಂದುಕೊಂಡು ನಕ್ಕರು. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯದ್ದಕ್ಕೆಲ್ಲ ಅವಳೇ ಅರ್ಥ ಹಚ್ಚಿಕೊಂಡಳು.

ಕೆಲಸ ಒಂದು ತಾಸು ಹಿಡಿಯಿತು. ಮುರಿದ ತುಂಡು ಉಪಕರಣಕ್ಕೆ ತಿರುಗಲಿಲ್ಲ. ಕೊನೆಗೆ ಟೊಳ್ಳು ಕೊಳವೆಯಂಥ ಡ್ರಿಲ್ಲಿನಿಂದ ಸುತ್ತಲಿನ ಎಲುಬನ್ನು ತುಸುವೇ ಕೊರೆದು ಅದನ್ನು ಈಚೆಗೆ ತೆಗೆಯಬೇಕಾಯಿತು. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತ ವನಜಾ, ಗಂಡನ ಮುಖದ ಮೇಲೆ ಬಾಗಿದ ಆ ಹೆಂಗಸಿನ ಬೆನ್ನನ್ನೇ ನೋಡುತ್ತಿದ್ದಳು. ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ತಾನು ಅವನ ಮುಖ ನೋಡಿದ್ದುಂಟೇ? ಅವನು ನೋವಿಗೆ ಕಾಲು ಸೆಟೆದಾಗ ಸಂಯುಕ್ತಾ ಅವನ ಭುಜ ತಟ್ಟಿದಳು. ಆ ತಟ್ಟು ವನಜಾಳ ಎದೆಗೆ ಬಿತ್ತು.

ತೂತಿಗೆ ಎಲುಬಿನ ಪುಡಿ ತುಂಬಿ ಹೊಲಿಗೆ ಹಾಕಿದ್ದಾಯಿತು. ನಾಲ್ಕು ತಿಂಗಳಲ್ಲಿ ಎಲುಬು ಕೂಡಿಕೊಂಡ ಮೇಲೆ ಹೊಸ ಇಂಪ್ಲಾಂಟ್, ಹೊಲಿಗೆ ಬಿಚ್ಚಿದ ಮೇಲೆ ಅಲ್ಲಿಯವರೆಗೊಂದು ತಾತ್ಕಾಲಿಕ ಹಲ್ಲು ಎಂದು ಸಂಯುಕ್ತಾ ವನಜಾಳಿಗೂ ಕನ್ನಡದಲ್ಲಿ ಹೇಳಿದಳು. ಆಮೇಲೆ ಮುರಿದ ತುಂಡುಗಳನ್ನು ಪುಟ್ಟ ಸೀಸೆಯೊಳಗೆ ಹಾಕಿ, ವಿನಾಯಕನ ಅಂಗೈಲಿಟ್ಟು, ಬೆರಳು ಮಡಿಸಿ, ತೆಲುಗಿನಲ್ಲಿ ಏನೋ ಅಂದಳು. ಬಾಯಲ್ಲಿ ಹತ್ತಿ ತುಂಬಿದ್ದ ಅವನು ಬರೀ ತಲೆಯಾಡಿಸಿದ.

ಮನೆಗೆ ಬಂದು ಗುಳಿಗೆ ನುಂಗಿ ಅವನು ಮಲಗಿದ. ಸೀಸೆ ಅಂಗಿಯ ಜೇಬಿನಲ್ಲಿತ್ತು. ಎದೆಗಪ್ಪಿ ಇಟ್ಟುಕೊಳ್ಳಲು ಸಂಯುಕ್ತಾ ಕೊಟ್ಟ ಗುರುತು ಇದು ಎಂದು ವನಜಾಳ ಮನಸ್ಸು ಆಗಲೇ ತೀರ್ಮಾನಿಸಿತ್ತು. ಅವಳ ಊರಿನಲ್ಲಿ ಮಕ್ಕಳ ಬಿದ್ದ ಹಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊಸದು ಬೇಗ ಬರಲೆಂದು ಮಾಳಿಗೆಯ ಮೇಲಕ್ಕೆ ಎಸೆಯುತ್ತಾರೆ. ಇದೂ ಬಿದ್ದ ಹಲ್ಲೇ ತಾನೆ? ತಾರಸಿಗೆ ಹೋಗಿ, ಮನೆಯ ಹಿಂದಿರುವ ಕಾರ್ಖಾನೆಯೊಂದರ ಸಿಮೆಂಟ್ ಶೀಟುಗಳ ಮೇಲೆ ಸೀಸೆ ಸಮೇತ ಬೀಸಿ ಒಗೆದಳು. ಅದು ಎರಡು ಸಲ ಟಣ್ಣೆಂದು ಎಲ್ಲೋ ಜಾರಿತು. ಎಂಟು ತಿಂಗಳಲ್ಲಿ ಅಷ್ಟು ಹಗುರವಾಗಿ ಅವಳು ಎಂದೂ ಮೆಟ್ಟಿಲಿಳಿದಿರಲಿಲ್ಲ.

ಮರುದಿನ ವಿನಾಯಕ ಜೇಬು, ಡ್ರಾಯರು, ಹಾಸಿಗೆಯ ಕೆಳಗೆಲ್ಲ ಹುಡುಕಿದ. “ಸಂಯುಕ್ತಾ ಜ್ವಾಕಿ ಮಾಡಂದಿದ್ಳು,” ಎಂದಷ್ಟೇ ಅಂದ. ಬಾಯಿ ಊದಿದವನಿಗೆ ಹೆಚ್ಚು ಮಾತು ಹೊರಡುತ್ತಿರಲಿಲ್ಲ. ಅವನು ಹುಡುಕಿದಷ್ಟೂ ತಾನು ಮಾಡಿದ್ದೇ ಸರಿ ಎನಿಸಿತು ವನಜಾಳಿಗೆ.

ವಾರ ಕಳೆದು ಹೊಲಿಗೆ ಬಿಚ್ಚಲು ಹೋದಾಗ ಸಂಯುಕ್ತಾ ಸೀಸೆ ಕೇಳಿದಳು. ವಿನಾಯಕ ಎದೆ ಮುಟ್ಟಿಕೊಂಡು, ತಪ್ಪು ತನ್ನದೆಂಬಂತೆ ತೆಲುಗಿನಲ್ಲಿ ಏನೋ ಹೇಳಿದ. ಸಂಯುಕ್ತಾ ಪೆನ್ನು ಕೆಳಗಿಟ್ಟು ವನಜಾಳತ್ತ ತಿರುಗಿದಳು. ಮುರಿದ ತುಂಡು ಕಳಿಸಿದರೆ ಮಾತ್ರ ಕಂಪನಿಯವರು ಹೊಸ ಇಂಪ್ಲಾಂಟ್ ಪುಕ್ಕಟೆ ಕೊಡುತ್ತಾರೆ, ಅದಕ್ಕೇ ಫಾರ್ಮ್ ಬರುವವರೆಗೆ ಜೋಪಾನ ಮಾಡಲು ಹೇಳಿದ್ದೆ, ಮನೆಯಲ್ಲಿ ಇನ್ನೊಮ್ಮೆ ಹುಡುಕಿ ನೋಡಿ ಎಂದಳು.

ವನಜಾಳ ಕಿವಿ ಬಿಸಿಯಾಯಿತು. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಆದರೆ ತನ್ನ ತಪ್ಪನ್ನು ಗಂಡ ಈ ಹೆಂಗಸಿನ ಮುಂದೆ ಹೊತ್ತು ನಿಂತದ್ದನ್ನು ನೋಡಲಾಗಲಿಲ್ಲ.

“ಹುಡುಕೂದ ಬ್ಯಾಡ್ರಿ. ನಾನ ಒಗದೀನಿ, ತಾರಸಿ ಮ್ಯಾಲಿಂದ.”

“ಯಾಕ್ರಿ?”

“ನಿಮ್ಮ ಕೈಯಾಂದು ನಮ್ಮ ಮನ್ಯಾಗ ಇರೂದು ಬ್ಯಾಡ ಅನ್ನಿಸ್ತು.”

ವಿನಾಯಕ ಬಾಯಿ ತೆರೆದ. ಹಲ್ಲಿಲ್ಲದ ಸಂದಿಯಿಂದ ಬರೀ ಗಾಳಿ ಬಂತು. ಸಂಯುಕ್ತಾ ನಗಲಿಲ್ಲ, ಸಿಟ್ಟಿಗೂ ಬರಲಿಲ್ಲ. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. ಎಲುಬು ಕೂಡಿದ ಮೇಲೆ ಹೊಸದನ್ನು ಯಾವ ಡಾಕ್ಟರಾದರೂ ಕೂರಿಸಬಹುದು, ಈಗಲೇ ಚೀಟಿ ಬರೆದು ಕೊಡುತ್ತೇನೆ, ನೀವೇ ಹೇಳಿ ಎಂದಳು.

ವನಜಾ ಬಯಸಿದ್ದು ಅದನ್ನೇ. ಆದರೆ ಮೇಜಿನ ಆಚೆಯಿಂದ ಅದು ಇಷ್ಟು ಸುಲಭವಾಗಿ ಬಂದಾಗ, ಅವನು ಬೇರೆ ಕ್ಲಿನಿಕ್ಕಿನಲ್ಲಿ ಕೂತು ಇವಳನ್ನು ನೆನೆಯುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಇಲ್ಲೇ ವಾಸಿ, ತನ್ನ ಕಣ್ಣೆದುರು.

“ನೀವ ಹಾಕ್ರಿ. ಆದ್ರ ನನ್ನ ಮುಂದ ಇವರ ಕೂಡ ಕನ್ನಡದಾಗ ಮಾತಾಡ್ರಿ.”

ಸಂಯುಕ್ತಾ ಆಗಲೆಂದು ತಲೆಯಾಡಿಸಿದಳು. ವಿನಾಯಕನ ಕಡೆ ತಿರುಗಿ ಒಂದು ಗಳಿಗೆ ತಡವರಿಸಿದಳು.

“ವಿನಾಯಕ ಅವರ, ಗಟ್ಟಿ ಪದಾರ್ಥ ಕಚ್ಚಬ್ಯಾಡ್ರಿ. ದಿನಾ ಉಪ್ಪುನೀರಿಲೆ ಬಾಯಿ ಮುಕ್ಕಳಸ್ರಿ.”

“ಆಯ್ತ್ರಿ, ಡಾಕ್ಟರ್,” ಎಂದ ವಿನಾಯಕ.

ಅಷ್ಟೇ. ಕನ್ನಡದಲ್ಲಿ ಅವರಿಬ್ಬರಿಗೆ ಬೇರೆ ಮಾತೇ ಇರಲಿಲ್ಲ. ವನಜಾಳಿಗೆ ಖುಷಿಯಾಗಬೇಕಿತ್ತು. ಆದರೆ ಬಹುವಚನದ ಆ ‘ಅವರ’ ಎಂಬುದು ಕಿವಿಗೆ ಬಿದ್ದಾಗ ಗಂಡನ ಮುಖ ಬಾಡಿದ್ದನ್ನು ಅವಳು ನೋಡಿಬಿಟ್ಟಿದ್ದಳು.

ಆಟೋ ತಾರ್ನಾಕ ದಾಟುವವರೆಗೂ ವಿನಾಯಕ ಹೊರಗೇ ನೋಡುತ್ತಿದ್ದ. ಬಾಯಿ ನೋಯುತ್ತಿದೆಯೇ ಎಂದು ವನಜಾ ಕೇಳಿದಳು. ಇಲ್ಲ ಎಂದ. ಅವಳು ಅವನ ತೋಳು ಹಿಡಿದುಕೊಂಡು ಕೂತಳು, ಮನೆ ಬರುವವರೆಗೂ ಬಿಡಲಿಲ್ಲ.